ತಾನಾಗಿ ಉದುರಿದ ಕೂದಲು

ನಮ್ಮದು ಜವಳಿ ಅಂಗಡಿಯ ಮನೆ. ಹಾಗಾಗಿ ನನ್ನ ಕಾಯಿಲೆ ನನಗಿಂತ ಮೊದಲು ಬಟ್ಟೆಗೆ ಗೊತ್ತಾಯಿತು. ಹದಿನಾರರ ವಯಸ್ಸು. ಮಾವ ಅಂಗಡಿಯಿಂದ ತಂದುಕೊಟ್ಟ ಕಡುನೀಲಿ ಬಟ್ಟೆಯ ರವಿಕೆ ಹೊಲಿಸಿಕೊಂಡು, ಮೊದಲ ಸಲ ತೊಟ್ಟು ಬಸದಿಗೆ ಹೊರಟಿದ್ದೆ. ಹೊಸ್ತಿಲು ದಾಟುವ ಮೊದಲೇ ಅಜ್ಜಿ ಹಿಂದಿನಿಂದ ಕರೆದರು.

"ಹೆಗಲಲ್ಲಿ ಎಂತದು ಅದು? ಅಕ್ಕಿಹಿಟ್ಟಿನ ಡಬ್ಬಕ್ಕೆ ತಲೆ ಹಾಕಿದ್ದೆಯಾ?"

ಕೊಡವಿದೆ, ಹೋಯಿತು. ತಲೆ ತಿರುಗಿಸಿದೆ, ಮತ್ತೆ ಬಿತ್ತು. ಅಜ್ಜಿ ಹತ್ತಿರ ಬಂದು ನನ್ನ ಜಡೆಯ ಬುಡ ಸರಿಸಿ ನೋಡಿದರು. ಆಮೇಲೆ ತೋಳು ಮಡಚಿಸಿ ಮೊಣಕೈ ನೋಡಿದರು. ಅಲ್ಲಿ ಕೆಂಪಾಗಿ ದಪ್ಪಗಟ್ಟಿದ್ದ ಚರ್ಮದ ಮೇಲೆ ಬೆಳ್ಳಗಿನ ಹೊಪ್ಪಳೆ ಇತ್ತು. ನಾನು ಅದನ್ನು ಮೊಣಕೈ ಊರಿ ಓದುವ ಅಭ್ಯಾಸದಿಂದ ಬಂದದ್ದೆಂದು ತಿಳಿದಿದ್ದೆ. ಅಜ್ಜಿಯ ಮುಖದಿಂದ ಬಣ್ಣ ಇಳಿದುಹೋಯಿತು. "ಒಳಗೆ ಹೋಗು, ಬಿಳಿ ರವಿಕೆ ಹಾಕಿಕೋ" ಎಂದಷ್ಟೇ ಹೇಳಿದರು.

ಅಂದಿನಿಂದ ನಾನು ಬಿಳಿ ಬಟ್ಟೆಯವಳಾದೆ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ, ಅಷ್ಟೇ ಕಾರಣ. ಮೊಣಕೈ ಮುಚ್ಚುವಷ್ಟು ಉದ್ದ ತೋಳಿನ ರವಿಕೆ, ಪಾದ ಮುಚ್ಚುವಷ್ಟು ಇಳಿಬಿಟ್ಟ ಸೀರೆ. ಜವಳಿ ಅಂಗಡಿಯ ಹುಡುಗಿ ಬಣ್ಣ ಬಿಟ್ಟಳಲ್ಲ ಎಂದು ಬೀದಿಯವರಿಗೆ ಆಶ್ಚರ್ಯ. ಅಜ್ಜಿ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡದೆ ಇದ್ದರೆ ಜನ ತಾವೇ ಒಂದು ಉತ್ತರ ಮಾಡಿಕೊಳ್ಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊನ್ನೆ ಮಂಗಳೂರಿನಲ್ಲಿ ಚರ್ಮದ ಡಾಕ್ಟರರ ಬಾಗಿಲಲ್ಲಿ ಕೂತಿದ್ದಾಗ, ಎದುರು ಕುರ್ಚಿಯ ಹುಡುಗಿ ತಲೆಗೆ ಶಾಲು ಬಿಗಿದುಕೊಂಡು, ಕೈಗಳನ್ನು ಒಂದರ ತೋಳಿನೊಳಗೆ ಇನ್ನೊಂದು ತೂರಿಸಿಕೊಂಡು ಕೂತಿದ್ದಳು. ಮಾತಾಡಿಸೋಣ ಎಂದರೆ ನನ್ನ ಸರದಿ ಬಂತು, ಹೊರಗೆ ಬರುವಾಗ ಅವಳಿರಲಿಲ್ಲ. ಅವಳಿಗೆ ಹೇಳಬೇಕೆಂದಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗಿನ ಡಾಕ್ಟರರು ಸೋರಿಯಾಸಿಸ್ ಎನ್ನುತ್ತಾರೆ, ಕೂದಲಿನದ್ದಕ್ಕೆ ಇನ್ನೊಂದು ಉದ್ದ ಹೆಸರು ಹೇಳುತ್ತಾರೆ, ಎರಡೂ ಅಕ್ಕತಂಗಿಯರ ಹಾಗೆ ಎಂದು ಸಲೀಸಾಗಿ ವಿವರಿಸುತ್ತಾರೆ. ಐವತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ಮೂಡುಬಿದಿರೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ್ದಕ್ಕೆ ಎಲ್ಲರಿಗೂ ನೆನಪಾಗುತ್ತಿದ್ದದ್ದು ಮಹಾರೋಗ, ಅಂದರೆ ಕುಷ್ಠ, ಒಂದೇ.

ನನ್ನ ಮನೆಯ ಲೆಕ್ಕ ಸ್ವಲ್ಪ ಹೇಳಬೇಕು. ನಾವು ಜೈನರು. ನಮ್ಮಲ್ಲಿ ಮನೆ ಇಳಿಯುವುದು ತಾಯಿಯ ಕಡೆಯಿಂದ, ಮಗಳಿಂದ ಮಗಳಿಗೆ. ಅಮ್ಮ ನನ್ನ ಮೂರನೆಯ ವರ್ಷದಲ್ಲಿ ತೀರಿಕೊಂಡರು. ಅಪ್ಪ ಪುಂಜಾಲಕಟ್ಟೆಯ ಹತ್ತಿರದ ತಮ್ಮ ಮನೆಗೆ ಹೋಗಿ ಇನ್ನೊಂದು ಮದುವೆಯಾದರು, ಹಬ್ಬಕ್ಕೊಮ್ಮೆ ಬಂದು ನನ್ನ ತಲೆ ಸವರಿ ಹೋಗುತ್ತಿದ್ದರು. ಉಳಿದದ್ದು ಅಮ್ಮನ ಅಮ್ಮನಾದ ಈ ಅಜ್ಜಿ, ಅವರ ಮಗ ಅಂದರೆ ನನ್ನ ಸೋದರಮಾವ, ಮತ್ತು ನಾನು. ಆ ಮನೆಗೆ ಮುಂದೆ ಹೆಣ್ಣೆಂದು ಇದ್ದವಳು ನಾನೊಬ್ಬಳೇ. ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಅಜ್ಜಿ ಆಮೇಲೆ ಮಾಡಹೊರಟದ್ದು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಚರ್ಮಕ್ಕೆ ಗುಟ್ಟಾಗಿ ಮದ್ದು ನಡೆಯಿತು. ಬೆಳ್ತಂಗಡಿಯಲ್ಲಿ ಒಬ್ಬ ವೈದ್ಯರಿದ್ದರು. ಅಪ್ಪನ ಮನೆಗೆ ಹೋಗುವ ನೆಪ ಹೇಳಿ ಮಾವ ನನ್ನನ್ನು ಅಲ್ಲಿಗೆ ಕರೆದೊಯ್ದರು. ವೈದ್ಯರು ನಾಡಿ ನೋಡಿ, ಕಹಿ ಕಷಾಯ ಕೊಟ್ಟು, ಉಪ್ಪು ಹುಳಿ ಬಿಡಿಸಿದರು. ಒಳ್ಳೆಯ ಮನುಷ್ಯರು, ಬೈಯುವುದಕ್ಕೆ ಮನಸ್ಸಿಲ್ಲ. ಆದರೆ ಆರು ತಿಂಗಳು ಉಪ್ಪಿಲ್ಲದ ಗಂಜಿ ಕುಡಿದು ನನ್ನ ನಾಲಿಗೆ ಸತ್ತಿತೇ ಹೊರತು ಮೊಣಕೈ ಹಾಗೆಯೇ ಇತ್ತು. ಒಂದು ದಿನ ಯಾರೂ ಇಲ್ಲದಾಗ ಭರಣಿಯಿಂದ ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಕದ್ದು ತಿಂದೆ. ಆ ರುಚಿ ಈಗಲೂ ಬಾಯಲ್ಲಿದೆ.

ಮಾರನೆಯ ವರ್ಷ ಕೂದಲು ಹೋಗತೊಡಗಿತು.

ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಒಂದು ಸುರುಳಿ ಬಿದ್ದಿತ್ತು. ಕೈ ಹಾಕಿದರೆ ಕಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಜಾಗ ಬೋಳು. ನೋವಿಲ್ಲ, ತುರಿಕೆಯೂ ಇಲ್ಲ, ಹೊಪ್ಪಳೆಯೂ ಇಲ್ಲ. ಮೊಣಕೈ ಮೇಲೆ ಮರದ ತೊಗಟೆ, ಇಲ್ಲಿ ಹಸುಳೆಯ ಕೆನ್ನೆ! ಒಂದೇ ಮೈಯಲ್ಲಿ ಇದೆಂಥ ವಿಚಿತ್ರ ಎಂದು ನಾನು ಬಹಳ ಹೊತ್ತು ಆ ಜಾಗವನ್ನೇ ಸವರುತ್ತ ಕೂತಿದ್ದೆ. ವಾರದಲ್ಲಿ ಇನ್ನೊಂದು, ತಿಂಗಳಲ್ಲಿ ಐದಾರು. ಆಷಾಢ ಬರುವ ಹೊತ್ತಿಗೆ ಅರ್ಧ ತಲೆ ಖಾಲಿಯಾಗಿತ್ತು. ನಾನು ಅತ್ತೆನೇ? ಅತ್ತೆ. ಬಚ್ಚಲಲ್ಲಿ ನೀರು ಸುರಿದುಕೊಳ್ಳುವಾಗ, ಸದ್ದು ಕೇಳದ ಹಾಗೆ ಅಳುತ್ತಿದ್ದೆ.

ಅದೇ ಆಷಾಢದಲ್ಲಿ ಬಡಗಣ ಸೀಮೆಯಿಂದ ಒಬ್ಬ ಮಾತಾಜಿ ಬಂದರು. ಮನೆ ಮಠ ಎಲ್ಲ ಬಿಟ್ಟು ಬಿಳಿಸೀರೆಯಲ್ಲಿ ಬರಿಗಾಲಲ್ಲಿ ನಡೆಯುವ ನಮ್ಮ ಸನ್ಯಾಸಿನಿಯರು ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೂರಲ್ಲಿ ನಿಲ್ಲುತ್ತಾರೆ. ಆ ವರ್ಷ ಅವರು ನಿಂತದ್ದು ನಮ್ಮ ಬೀದಿಯ ಬಸದಿಯ ಪಕ್ಕದ ಕೋಣೆಯಲ್ಲಿ. ಬಂದ ಕೆಲವೇ ದಿನಗಳಲ್ಲಿ ಅವರ ಕೇಶಲೋಚ ನಡೆಯಿತು. ತಲೆಯ ಕೂದಲನ್ನು ಕತ್ತರಿಯಿಲ್ಲದೆ, ಕ್ಷೌರವಿಲ್ಲದೆ, ತಮ್ಮ ಕೈಯಿಂದಲೇ ಕಿತ್ತು ತೆಗೆಯುವ ವ್ರತ ಅದು. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಂಡು, ಚಿಟಿಕೆ ಚಿಟಿಕೆಯಾಗಿ ಕೀಳುತ್ತಾ ಹೋದರು. ಹೆಂಗಸರು ಸುತ್ತ ಕೂತು ಮಂತ್ರ ಹೇಳುತ್ತಿದ್ದರು. ಅಜ್ಜಿ ಒಮ್ಮೆ ಮಾತಾಜಿಯ ತಲೆ ನೋಡುವುದು, ಒಮ್ಮೆ ಸೆರಗಿನೊಳಗಿನ ನನ್ನ ತಲೆ ನೋಡುವುದು. ಮನೆಗೆ ಬರುವ ದಾರಿಯಲ್ಲಿ ನಿಂತೇಬಿಟ್ಟರು.

"ಮಗಾ, ಅವರಿಗೆ ಕೈಯಿಂದ ಕೀಳಬೇಕಾಯ್ತು. ನಿನಗೆ ತಾನಾಗಿಯೇ ಹೋಗ್ತಾ ಉಂಟು. ನೋವೂ ಇಲ್ಲ. ಇದು ಎಂತ ಅಂತ ನನಗೆ ಈಗ ಗೊತ್ತಾಯ್ತು."

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಎರಡು ವರ್ಷದ ಹೆದರಿಕೆಗೆ ಕೊನೆಗೊಂದು ಒಳ್ಳೆಯ ಅರ್ಥ ಸಿಕ್ಕಿತ್ತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಂದಿನ ಜನ್ಮದಲ್ಲಿ ಅರ್ಧಕ್ಕೆ ನಿಂತ ವ್ರತ ಈ ಜನ್ಮದಲ್ಲಿ ಮುಂದುವರಿಯುತ್ತಿದೆ ಎಂದರು. ಬಿಳಿ ಬಟ್ಟೆ ಹೇಗೂ ಇತ್ತು. ಒಂದೇ ವಾರದಲ್ಲಿ ಬೀದಿಗೆಲ್ಲ ಸುದ್ದಿ. ಚರ್ಮದ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಮೈಯಲ್ಲಿ ರೋಗವಿದ್ದವರಿಗೆ ದೀಕ್ಷೆಯಿಲ್ಲ ಎಂಬ ಕ್ರಮ ಅಜ್ಜಿಗೆ ಗೊತ್ತಿತ್ತು. ತಲೆಯದ್ದು ಪುಣ್ಯ, ಮೊಣಕೈಯದ್ದು ರೋಗ. ಎರಡೂ ಬೇರೆ ಬೇರೆ ಎಂದು ಅವರು ಮನಸ್ಸಿನಲ್ಲಿ ಗೋಡೆ ಕಟ್ಟಿಬಿಟ್ಟರು. ದೀಪಾವಳಿ ಕಳೆದು ಮಾತಾಜಿ ಹೊರಡುವಾಗ ನಾನೂ ಅವರ ಜೊತೆ ನಡೆದುಹೋಗುವುದೆಂದು ಮಾತಾಯಿತು.

ನಾನೇನು ಮಾಡಿದೆ ಎಂದು ಕೇಳುತ್ತೀರಾ? ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ನಿನ್ನೆಯವರೆಗೆ ಕನಿಕರದಿಂದ ನೋಡುತ್ತಿದ್ದ ಹೆಂಗಸರು ಈಗ ಕೈ ಮುಗಿಯುತ್ತಿದ್ದರು. ಮದುವೆಯಾದ ಗೆಳತಿಯರು ಮಕ್ಕಳನ್ನು ತಂದು ನನ್ನ ಮುಂದೆ ನಿಲ್ಲಿಸುತ್ತಿದ್ದರು. ರೋಗಿಯಾಗಿರುವುದಕ್ಕಿಂತ ದೇವರ ಹುಡುಗಿಯಾಗಿರುವುದು ಎಷ್ಟು ಸುಲಭ!

ಆ ಮಳೆಗಾಲವಿಡೀ ನಾನು ಎಚ್ಚರದಲ್ಲಿದ್ದೆನೋ ಕನಸಿನಲ್ಲಿದ್ದೆನೋ ಸರಿಯಾಗಿ ನೆನಪಿಲ್ಲ. ಮಧ್ಯಾಹ್ನ ಬಸದಿಯಲ್ಲಿ ಯಾರೂ ಇರುತ್ತಿರಲಿಲ್ಲ. ಕಲ್ಲಿನ ಕಂಬಗಳ ನಡುವೆ ಬೆಳಕು ಹಸಿರಾಗಿ ಬರುತ್ತಿತ್ತು. ಬೆನ್ನಿಗೂ ಹಬ್ಬಿದ ಹೊಪ್ಪಳೆ ಉರಿಯುವಾಗ ಒಂದು ಕಂಬಕ್ಕೆ ಒರಗಿ ಕೂರುತ್ತಿದ್ದೆ, ಕಲ್ಲಿನ ತಂಪು ರವಿಕೆ ದಾಟಿ ಚರ್ಮಕ್ಕೆ ಇಳಿಯುತ್ತಿತ್ತು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ನೋಡಿದವರು ಹುಡುಗಿ ಧ್ಯಾನಕ್ಕೆ ಕೂತಿದ್ದಾಳೆ ಎನ್ನುತ್ತಿದ್ದರು. ನಾನು ತುರಿಕೆ ತಡೆದುಕೊಳ್ಳುತ್ತಿದ್ದೆ, ಮಾರಾಯ್ರೆ! ಆದರೆ ಹಾಗೆ ಕೂತು ಕೂತು, ಮುಚ್ಚಿದ ಕಣ್ಣೊಳಗೆ ಒಂದು ಬಿಳಿ ದಾರಿ ಕಾಣತೊಡಗಿತು. ಅದರಲ್ಲಿ ನಾನು ನಡೆಯುತ್ತಿದ್ದೆ. ನನಗೆ ಮೈಯೇ ಇರಲಿಲ್ಲ. ಮೊಣಕೈ ಇಲ್ಲ, ತಲೆ ಇಲ್ಲ, ಸೀರೆಯೊಂದೇ ನಡೆದುಹೋಗುತ್ತಿತ್ತು. ಊರುಗಳು ಎರಡೂ ಬದಿಯಿಂದ ಹಿಂದಕ್ಕೆ ಸರಿಯುತ್ತಿದ್ದವು, ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆ ಕನಸಿನಿಂದ ಎದ್ದು ಬರಲು ನನಗೆ ಇಷ್ಟವೇ ಆಗುತ್ತಿರಲಿಲ್ಲ.

ಮಾವನಿಗೆ ಮಾತ್ರ ಇದೆಲ್ಲ ಸರಿಬರಲಿಲ್ಲ. ಮಾತು ಕಡಿಮೆಯ ಮನುಷ್ಯ. ಭಾದ್ರಪದದಲ್ಲಿ ಮಳೆ ಸ್ವಲ್ಪ ಹಿಂದಾದಾಗ ಒಂದು ಬೆಳಿಗ್ಗೆ, "ಬಂಟ್ವಾಳ ಪೇಟೆಗೆ ಜವಳಿ ತರಲಿಕ್ಕೆ ಹೋಗ್ತೇನೆ. ಇವಳೂ ಬರಲಿ, ಸೀರೆ ಆರಿಸಲಿಕ್ಕೆ ಆಗ್ತದೆ" ಎಂದರು. ಬಿಳಿ ಸೀರೆಯಲ್ಲಿ ಆರಿಸುವುದೇನಿದೆ ಎಂದು ಅಜ್ಜಿಗೆ ಹೊಳೆಯಲಿಲ್ಲ. ಬಸ್ಸು ಸಿದ್ಧಕಟ್ಟೆ ದಾಟಿದ ಮೇಲೆ ಮಾವ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ಅಲ್ಲಿ ಒಬ್ಬ ಡಾಕ್ಟರರಿದ್ದಾರೆ. ಯುದ್ಧದ ಕಾಲದಲ್ಲಿ ಪಟಾಲಮ್ಮಿನಲ್ಲಿದ್ದವರು. ಒಮ್ಮೆ ತೋರಿಸುವ. ಆಮೇಲೆ ನೀನು ಹೋಗುವುದಾದರೆ ಹೋಗು, ನಾನು ತಡೆಯುವುದಿಲ್ಲ."

ಡಾಕ್ಟರರ ಮನೆ ಹೊಳೆಯ ಬದಿಯ ಪೇಟೆಬೀದಿಯಲ್ಲಿತ್ತು. ಮುಂದಿನ ಜಗಲಿಯಲ್ಲಿ ಒಂದೇ ಉದ್ದ ಬೆಂಚು. ನಾನು ಕೂತೆ. ಪಕ್ಕದವರು ನನ್ನ ತೋಳಂಚಿನಲ್ಲಿ ಇಣುಕಿದ ಹೊಪ್ಪಳೆ ನೋಡಿ ಒಂದು ಗೇಣು ಸರಿದರು, ಅವರ ಪಕ್ಕದವರು ಇನ್ನೊಂದು ಗೇಣು. ಬೆಂಚಿನ ಆ ತುದಿಯಲ್ಲಿ ಐದು ಜನ ಒತ್ತಿಕೊಂಡು ಕೂತರು, ಈ ತುದಿಯಲ್ಲಿ ನಾನೊಬ್ಬಳೇ. ನಮ್ಮೂರಲ್ಲಿ ಕೈ ಮುಗಿಸಿಕೊಳ್ಳುತ್ತಿದ್ದವಳು ಇಲ್ಲಿ ಒಂದೂವರೆ ಗಂಟೆಯ ಬಸ್ಸಿನಲ್ಲಿ ಮಹಾರೋಗಿಯಾಗಿಬಿಟ್ಟಿದ್ದೆ.

ಆಗ ಬ್ಯಾರಿ ಹೆಂಗಸೊಬ್ಬರು ಬಂದರು. ಬೀಡಿ ಕಟ್ಟುವವರಿರಬೇಕು, ಉಗುರಿನ ಸಂದಿನಲ್ಲಿ ಹೊಗೆಸೊಪ್ಪಿನ ಪುಡಿಯಿತ್ತು. ಖಾಲಿ ಜಾಗ ಕಂಡದ್ದೇ ನನ್ನ ಪಕ್ಕ ಕೂತು ಉಸ್ಸೆಂದರು. ಒಳಗಿನಿಂದ ಕರೆ ಬಂದಾಗ, "ಸ್ವಲ್ಪ ಹಿಡ್ಕೊಳ್ಳಿ ಅಕ್ಕ" ಎಂದು ಸೊಂಟದ ಮೇಲಿನ ಹೆಣ್ಣುಕೂಸನ್ನು ನನ್ನ ಮಡಿಲಿಗೆ ಇಟ್ಟು ಒಳಗೆ ಹೋದರು. ಎರಡು ವರ್ಷದಿಂದ ಯಾರೂ ನನ್ನ ಕೈಗೆ ಮಗುವನ್ನು ಕೊಟ್ಟಿರಲಿಲ್ಲ. ಊರಿನ ಗೆಳತಿಯರು ಮುಂದೆ ನಿಲ್ಲಿಸುತ್ತಿದ್ದರು, ಅಷ್ಟೇ. ಕೂಸು ನನ್ನ ಸೆರಗು ಹಿಡಿದು ಎಳೆಯಿತು. ತಲೆ ಬರಿದಾಯಿತು. ಬೆಂಚಿನ ಆ ತುದಿ ಉಸಿರು ಬಿಗಿಹಿಡಿಯಿತು. ಕೂಸು ಅಷ್ಟರಲ್ಲಿ ಪೂರ್ತಿ ಬೋಳಾಗಿದ್ದ ನನ್ನ ತಲೆಯನ್ನು ಪಟಪಟ ಬಡಿದು ಕಿಲಕಿಲ ನಕ್ಕಿತು.

ಅದರ ತಾಯಿ ಹೊರಗೆ ಬಂದವರು, "ಅಯ್ಯೋ, ಎಳೆದಳಾ? ಇವಳಿಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ಚಾಳಿ" ಎಂದು ಬೈದು, ತಮ್ಮ ಕೈಯಿಂದಲೇ ನನ್ನ ಸೆರಗನ್ನು ತಲೆಗೆ ಹೊದೆಸಿ ಕಿವಿಯ ಹಿಂದೆ ಸಿಕ್ಕಿಸಿದರು. ಹೆಸರು ಕೇಳಲೂ ತೋಚಲಿಲ್ಲ ನನಗೆ. ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ಡಾಕ್ಟರರು ಕೊಂಕಣಿಗರು, ನಿಧಾನವಾಗಿ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಮೊದಲು ನನ್ನ ಕಣ್ಣು ಮುಚ್ಚಿಸಿ ಮೊಣಕೈಗೆ ಹತ್ತಿ ಸೋಕಿಸಿದರು, ಆಮೇಲೆ ಸೂಜಿಯ ಮೊನೆ. "ಗೊತ್ತಾಗ್ತದೆಯಾ?" "ಗೊತ್ತಾಗ್ತದೆ." "ಇದು?" "ಅಯ್ಯೋ, ನೋಯ್ತದೆ!" ಎಂದು ಸಿಟ್ಟಿನಿಂದ ಕೈ ಎಳೆದುಕೊಂಡೆ. ಅವರು ನಕ್ಕರು.

"ಸಂತೋಷ. ಸಿಟ್ಟು ಬಂತಲ್ಲ, ಹಾಗಾದರೆ ಮಹಾರೋಗ ಅಲ್ಲ. ಅದಾದರೆ ಚುಚ್ಚಿದ್ದು ತಿಳಿಯುವುದಿಲ್ಲ."

ಮಾವ ಗೋಡೆಗೆ ಒರಗಿದರು. ಆ ಮನುಷ್ಯ ಎರಡು ವರ್ಷ ಆ ಹೆದರಿಕೆಯನ್ನು ಯಾರಿಗೂ ಹೇಳದೆ ಹೊತ್ತುಕೊಂಡು ಅಂಗಡಿಯಲ್ಲಿ ಬಟ್ಟೆ ಹರಿಯುತ್ತಿದ್ದರು.

ಡಾಕ್ಟರರು ಆಮೇಲೆ ಸೆರಗು ತೆಗೆಸಿ ತಲೆ ನೋಡಿದರು. ಏನೋ ನೆನಪಾದವರಂತೆ, "ಉಗುರು ನೋಡುವ" ಎಂದು ನನ್ನ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರುಗಳ ಮೇಲೆ ದರ್ಜಿ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಯಲ್ಲಿರುವಂಥ ಸಣ್ಣ ಸಣ್ಣ ಗುಳಿಗಳಿದ್ದವು. ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ಪಟಾಲಮ್ಮಿನ ಆಸ್ಪತ್ರೆಯಲ್ಲಿ ಇಂಥ ಒಬ್ಬಿಬ್ಬರನ್ನು ನಾನು ನೋಡಿದ್ದೇನೆ" ಎಂದರು. "ಚರ್ಮವೂ ಹೀಗೆ, ಕೂದಲೂ ಹೀಗೆ, ಉಗುರೂ ಹೀಗೆ. ಎರಡು ರೋಗ ಅಂತ ಪುಸ್ತಕದಲ್ಲಿ ಉಂಟು. ನನಗೆ ಯಾಕೋ ಎರಡೂ ಒಂದೇ ಬೇರಿನದ್ದು ಅಂತ ಕಾಣ್ತದೆ. ತಪ್ಪಿರಬಹುದು. ಆದರೆ ಮೈಗೆ ತನ್ನದೇ ಮೇಲೆ ಏನೋ ಸಿಟ್ಟು ಬಂದಿದೆ, ಮಗಳೇ. ಅಂಟುವ ರೋಗ ಅಲ್ಲ. ನಿನ್ನ ತಪ್ಪೂ ಅಲ್ಲ."

ನಾನು ಕೇಳಿದೆ, "ಪುಣ್ಯವಾ?"

ಅವರಿಗೆ ಅರ್ಥವಾಗಲಿಲ್ಲ. ಮಾವ ವಿಷಯ ಹೇಳಿದರು. ಡಾಕ್ಟರರು ಕನ್ನಡಕ ತೆಗೆದು ಒರೆಸಿದರು. "ಪುಣ್ಯದ ವಿಷಯ ನನಗೆ ಗೊತ್ತಿಲ್ಲ. ಮೊಣಕೈಯದ್ದು ಏನೋ ತಲೆಯದ್ದೂ ಅದೇ. ಅಷ್ಟು ಮಾತ್ರ ನಾನು ಹೇಳಬಲ್ಲೆ" ಎಂದರು. ಡಾಂಬರಿನಿಂದ ಮಾಡಿದ ಮುಲಾಮು ಕೊಟ್ಟರು, ಹಚ್ಚಿಕೊಂಡು ಎಳೆ ಬಿಸಿಲಿಗೆ ಕೂರಬೇಕೆಂದರು. ಹೊರಡುವಾಗ ಹಿಂದಿನಿಂದ ಕೂಗಿ, "ಬಿಳಿ ಉಡಬೇಡ, ಕಲೆಯಾದರೆ ಹೋಗುವುದಿಲ್ಲ!" ಎಂದರು.

ಮನೆಯಲ್ಲಿ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡರು. ಮಹಾರೋಗವಲ್ಲ ಎಂದಾಗ ಕೈಮುಗಿದು ಕಣ್ಣು ಮುಚ್ಚಿದರು. ತಲೆಯದ್ದೂ ಅದೇ ರೋಗ ಎಂದಾಗ ಎದ್ದು ನಿಂತರು.

"ಅದು ಅವರಿಗೆ ಹೇಗೆ ಗೊತ್ತು? ಪುಸ್ತಕದಲ್ಲೇ ಇಲ್ಲ ಅಂತ ಅವರೇ ಹೇಳಿದರಂತಲ್ಲ! ಚರ್ಮಕ್ಕೆ ಮದ್ದು ಹಚ್ಚುವುದು ಬೇಡ, ವಾಸನೆ ಬರ್ತದೆ. ಇನ್ನು ಎರಡು ತಿಂಗಳು. ಮಾತಾಜಿಗೆ ಏನೂ ಹೇಳುವುದು ಬೇಡ."

"ಅಲ್ಲ ಅಮ್ಮ," ಮಾವ ಎಂದೂ ಎತ್ತದ ದನಿ ಎತ್ತಿದರು, "ಇವಳೂ ಹೋದರೆ ಈ ಮನೆಗೆ ಯಾರು? ಮನೆಯೇ ಮುಗೀತದೆ, ಗೊತ್ತುಂಟಾ ನಿಮಗೆ?"

"ಗೊತ್ತಿಲ್ಲದೆ ಎಂತ? ಪುಣ್ಯವಂತರ ಮನೆ ಅಂತ ಹೇಳಿಸಿಕೊಂಡು ಬಾಗಿಲು ಹಾಕಿದರೆ ನನಗೆ ಬೇಸರ ಇಲ್ಲ. ರೋಗದ ಮನೆ ಅಂತ ಹೇಳಿಸಿಕೊಂಡು ತೆರೆದಿಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಮುಲಾಮಿನ ಡಬ್ಬಿಯನ್ನು ನನ್ನ ಪೆಟ್ಟಿಗೆಯ ತಳದಲ್ಲಿಟ್ಟೆ. ಮುಚ್ಚಳ ಬಿಗಿಯಾಗಿದ್ದರೂ ಸೀರೆಗಳಿಗೆ ಅದರ ವಾಸನೆ ಹತ್ತಿತು. ಬಸದಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರೆ ಈಗಲೂ ಬಿಳಿ ದಾರಿ ಬರುತ್ತಿತ್ತು, ಆದರೆ ಅದರಲ್ಲಿ ನಡೆಯುವವಳಿಗೆ ಮೊಣಕೈ ಬಂದುಬಿಟ್ಟಿತ್ತು. ತುರಿಸುತ್ತಿತ್ತು. ಕನಸಿನೊಳಗೂ ತುರಿಕೆ ಬಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಹದಿನೈದು ದಿನ ಹೀಗೆ ಕಳೆಯಿತು. ಹದಿನಾರನೆಯ ದಿನ ಮಧ್ಯಾಹ್ನ ನಾನು ಮಾತಾಜಿಯ ಕೋಣೆಗೆ ಹೋದೆ.

ಅವರು ಕಿಟಕಿಯ ಹತ್ತಿರ ಕೂತು ಓದುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಹೇಳಲು ಕಲಿತುಬಂದ ಮಾತೆಲ್ಲ ಮರೆತು, ರವಿಕೆಯ ತೋಳು ಮೇಲೆತ್ತಿ ಎರಡೂ ಮೊಣಕೈ ತೋರಿಸಿದೆ. ಅವರು ಗಾಬರಿಯಾಗಲಿಲ್ಲ. ಹುಳುಹುಪ್ಪಟೆ ಸಾಯದಿರಲೆಂದು ನವಿಲುಗರಿಯ ಕುಂಚದಿಂದ ಎದುರಿನ ನೆಲವನ್ನು ಮೆಲ್ಲಗೆ ಸವರಿ, ಅಲ್ಲಿ ಕೂರಲು ಹೇಳಿದರು.

"ಎಷ್ಟ ದಿನಾ ಆತವ್ವಾ ಇದು?"

"ಎರಡು ವರ್ಷ."

"ತಲೀದು?"

"ಒಂದು. ಎರಡೂ ಒಂದೇ ಅಂತ ಡಾಕ್ಟರರು ಹೇಳಿದರು."

"ಹಂಗಿದ್ರ ನಿಮ್ಮಜ್ಜಿ ನನಗ ಅರ್ಧಾ ಅಷ್ಟ ಹೇಳ್ಯಾರ."

"ನಾನೂ ಅರ್ಧವೇ ಹೇಳಿದ್ದು" ಎಂದೆ.

ಅವರು ತಮ್ಮ ತಲೆಯ ಮೇಲೆ ಅಂಗೈ ಇಟ್ಟುಕೊಂಡರು. ಕಿತ್ತು ಎರಡು ತಿಂಗಳಾಗಿ ಮೊಳಕೆ ಬಂದಿತ್ತು. "ತಂಗಿ, ನಾ ಇದನ್ನ ಕೀಳೂಮುಂದ ಭಾಳ ನೋಯತೈತಿ. ಪ್ರತಿ ಸಲಾನೂ ನೋಯತೈತಿ. ನಿನ್ನ ಕೂದಲಾ ಹೋಗೂಮುಂದ ನೋವಾತೇನು?"

"ಇಲ್ಲ."

"ನಿನ್ನ ಕೇಳಿ ಹೋತೇನು?"

"ಇಲ್ಲ."

"ಮತ್ತ ಅದರಾಗ ನೀ ಬಿಟ್ಟಿದ್ದೇನು?"

ಅವರು ದನಿ ಇನ್ನೂ ಇಳಿಸಿದರು. "ಔಷಧಾ ಹಚ್ಚಿಕೋ. ಕೂದಲಾ ಬರಲಿ. ಬಂದ ಮ್ಯಾಲ ನಿನಗ ಬ್ಯಾಡ ಅನಿಸಿದ್ರ ಆವಾಗ ನನ್ನ ಹುಡಿಕ್ಕೊಂಡು ಬಾ. ಅನಿಸಲಿಲ್ಲ ಅಂದ್ರ ಮನಿಯಾಗ ಆರಾಮ ಇರು. ಎರಡೂ ಚಲೋನ."

ಆ ಕ್ಷಣ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಟ್ಟ ಸಿಟ್ಟು ಬಂತು. ಮದುವೆಗೂ ಬೇಡ, ಸನ್ಯಾಸಕ್ಕೂ ಬೇಡ, ಹಾಗಾದರೆ ನಾನು ಯಾವುದಕ್ಕೆ ಬೇಕಾದವಳು? ಅವರ ಎದುರೇ ಹಾಗೆಂದು ಅತ್ತುಬಿಟ್ಟೆ. ಅವರು ತಡೆಯಲಿಲ್ಲ, ತತ್ವವನ್ನೂ ಹೇಳಲಿಲ್ಲ. ಅಳು ಮುಗಿಯುವ ತನಕ ನನ್ನ ಮೊಣಕೈಯನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡಿದ್ದರು.

ಸಂಜೆ ಅವರು ಅಜ್ಜಿಯನ್ನು ಕರೆಸಿ ಮಾತಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅಜ್ಜಿ ಮನೆಗೆ ಬಂದು ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಬಡಿಸುವರು, ಎಲೆಯ ಕಡೆಗೇ ನೋಡುವರು. ಬೀದಿಗೂ ಅವರು ಏನನ್ನೂ ಹೇಳಲಿಲ್ಲ. ನಾನು ಡಬ್ಬಿ ತೆರೆದೆ. ರಸ್ತೆಗೆ ಡಾಂಬರು ಹಾಕುವಾಗ ಬರುವ ವಾಸನೆಯೇ ನನ್ನ ಮೈಯಿಂದ ಬರುತ್ತಿತ್ತು. ಹಿತ್ತಲಿನ ಬಿಸಿಲಿಗೆ ತೋಳು ಚಾಚಿ ಕೂತರೆ ತಲೆ ಮಂಪರು ಮಂಪರಾಗಿ, ಸೂರ್ಯ ನನ್ನನ್ನೇ ಹುಡುಕಿಕೊಂಡು ಇಳಿದು ಬಂದಿದ್ದಾನೆ ಅನಿಸುತ್ತಿತ್ತು. ಬಿಳಿ ಸೀರೆಯಲ್ಲಿ ಕಂದು ಕಲೆಗಳು ಬಿದ್ದವು. ಮಾವ ಅಂಗಡಿಯಿಂದ ಒಂದು ಕಂದುಬಣ್ಣದ ಸೀರೆ ತಂದು ಹಗ್ಗದ ಮೇಲೆ ಹಾಕಿ ಹೋದರು. ಕೈಮುಗಿಯಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು.

ಗುಣವಾಯಿತೇ ಎಂದು ಕೇಳುವವರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಆಗಲಿಲ್ಲ. ಮೊಣಕೈ ಮೆತ್ತಗಾಯಿತು, ಮತ್ತೆ ಗಟ್ಟಿಯಾಯಿತು, ಈಗಲೂ ವರ್ಷಕ್ಕೆರಡು ಸಲ ಬಂದು ಹೋಗುತ್ತದೆ. ಕೂದಲು ಮರುವರ್ಷ ಬಂತು, ಮೊದಲು ಬಂದದ್ದು ಪೂರಾ ಬಿಳಿ. ಹತ್ತೊಂಬತ್ತಕ್ಕೆ ಅಜ್ಜಿಗಿಂತ ಅಜ್ಜಿಯಾಗಿ ಕಾಣುತ್ತಿದ್ದೆ. ನಿಧಾನವಾಗಿ ಕರಿಯದೂ ಬಂತು. ಮುಂದೆ ಎರಡು ಸಲ ಅಲ್ಲಲ್ಲಿ ಖಾಲಿಯಾಗಿ ಮತ್ತೆ ತುಂಬಿತು. ಅರವತ್ತರ ದಶಕದ ನಡುವೆ ಬೆಳ್ತಂಗಡಿಯ ಮಾಸ್ತರರೊಬ್ಬರು ನನ್ನನ್ನು ನೋಡಲು ಬಂದರು. ಮೊದಲೇ ಮೊಣಕೈ ತೋರಿಸಿದೆ. "ನನಗೆ ದಮ್ಮು ಉಂಟು, ಅದನ್ನು ನಾನು ಹೇಗೆ ತೋರಿಸಲಿ?" ಎಂದರು. ಅವರನ್ನೇ ಮದುವೆಯಾದೆ. ಇಬ್ಬರು ಹೆಣ್ಣುಮಕ್ಕಳಾದರು, ಮನೆ ನಿಂತಿತು. ಮಾತಾಜಿಯನ್ನು ಹುಡುಕಿಕೊಂಡು ಹೋಗಬೇಕು ಅನಿಸಲಿಲ್ಲ, ಆದರೆ ಅವರು ಬಾಗಿಲು ತೆರೆದಿಟ್ಟೇ ಹೋದದ್ದು ನನಗೆ ಯಾವಾಗಲೂ ಧೈರ್ಯ.

ಇದಕ್ಕಿಂತ ದೊಡ್ಡದು ಎಂದು ನಾನು ನೆನೆಯುವುದು ಅವರು ಹೊರಟ ದಿನವನ್ನು. ದೀಪಾವಳಿ ಕಳೆದಿತ್ತು. ಬೆಳಗಿನ ಮಂಜು ಇನ್ನೂ ಬೀದಿಯಲ್ಲೇ ಇತ್ತು, ಮನೆಗಳ ಬುಡ ಕಾಣುತ್ತಿರಲಿಲ್ಲ, ಎಲ್ಲ ತೇಲುತ್ತಿರುವಂತಿತ್ತು. ಮಾತಾಜಿ ಮುಂದೆ, ಹಿಂದೆ ಬೀಳ್ಕೊಡುವ ಊರವರು. ನಾನು ಬೀದಿಯ ತುದಿಯಲ್ಲಿ ಕಂದು ಸೀರೆಯುಟ್ಟು ನಿಂತಿದ್ದೆ, ಮೈಯೆಲ್ಲ ಡಾಂಬರಿನ ವಾಸನೆ. ನಾಲ್ಕು ಮಾರು ಆಚೆ ಅಜ್ಜಿ. ಮಾತಾಜಿ ಹತ್ತಿರ ಬಂದಾಗ ನಾನು ನಮಸ್ಕರಿಸಿದೆ. ಅವರು ಒಮ್ಮೆ ನಕ್ಕು, ಹೆಜ್ಜೆ ನಿಧಾನಿಸದೆ ಮುಂದೆ ಹೋದರು. ಬಿಳಿ ಸೀರೆ ಮಂಜಿನಲ್ಲಿ ಸ್ವಲ್ಪ ದೂರ ಕಂಡಿತು, ಆಮೇಲೆ ಯಾವುದು ಮಂಜು ಯಾವುದು ಸೀರೆ ತಿಳಿಯಲಿಲ್ಲ. ನನ್ನ ಕಾಲು ಅತ್ತ ಎಳೆಯಿತು, ಸುಳ್ಳು ಹೇಳುವುದಿಲ್ಲ.

ಆಗ ಎದುರುಮನೆಯ ಹೆಂಗಸು ಎಲ್ಲರೆದುರು ಕೇಳಿಯೇಬಿಟ್ಟರು. "ಎಂತ ಅಮ್ಮ, ನಿಮ್ಮ ಹುಡುಗಿ ಹೋಗುವುದಿಲ್ಲವಾ? ಕೂದಲು ಎಲ್ಲ ಹೋಯ್ತಲ್ಲ?"

ಇಡೀ ಬೀದಿ ಅಜ್ಜಿಯ ಕಡೆ ತಿರುಗಿತು. ನಾನು ನೆಲ ನೋಡುತ್ತ ನಿಂತೆ. ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು. ಮುಂದಿನ ವರ್ಷ ಹೋಗುತ್ತಾಳೆ ಎನ್ನಬಹುದಿತ್ತು, ಇಲ್ಲವೇ ನನ್ನ ಮೇಲೆ ಹಾಕಿ, ಹುಡುಗಿಗೆ ಯೋಗ್ಯತೆಯಿಲ್ಲ ಎನ್ನಬಹುದಿತ್ತು. ಅಜ್ಜಿಯ ಹೆಜ್ಜೆಯ ಸದ್ದು ಕೇಳಿತು. ನನ್ನ ಪಕ್ಕಕ್ಕೆ ಬಂದು ನಿಂತರು.

"ಇವಳ ಚರ್ಮಕ್ಕೆ ರೋಗ ಉಂಟು" ಎಂದರು. "ಎರಡು ವರ್ಷ ಆಯ್ತು. ಮುಚ್ಚಿಟ್ಟದ್ದು ನಾನು, ಇವಳಲ್ಲ. ತಲೆಯದ್ದೂ ಅದೇ ರೋಗ, ಎರಡೂ ಒಂದೇ ಅಂತೆ. ಬಂಟ್ವಾಳದ ಡಾಕ್ಟರರ ಮದ್ದು ನಡೀತಾ ಉಂಟು. ಇವಳು ನಮ್ಮ ಮನೆಯ ಹೆಣ್ಣು. ಎಲ್ಲಿಗೂ ಹೋಗುವುದಿಲ್ಲ."

ಎದುರುಮನೆಯವರು ಅಯ್ಯೋ ಪಾಪ ಎನ್ನುತ್ತ ಒಂದು ಹೆಜ್ಜೆ ಹಿಂದೆ ಸರಿದರು. ಇನ್ನಿಬ್ಬರೂ ಸರಿದರು. ಅಜ್ಜಿ ಅದನ್ನು ನೋಡಿದರು. ನೋಡಿ, ನನ್ನ ರವಿಕೆಯ ತೋಳನ್ನು ಮೇಲಕ್ಕೆ ಮಡಚಿ, ಎಲ್ಲರಿಗೂ ಕಾಣುವ ಹಾಗೆ ಮೊಣಕೈ ಹಿಡಿದುಕೊಂಡರು.

"ನಡಿ ಮಗಾ," ಎಂದರು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಮದ್ದು ಹಚ್ಚುವ ಹೊತ್ತಾಯ್ತು. ಇವತ್ತು ನಾನೇ ಹಚ್ಚುತ್ತೇನೆ."